ಬಂಪರಿಗೆ ಹೊದಿಸಿದ ಕೌದಿ

ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುವುದಕ್ಕೂ ಮಹದೇವನ ಮೊಬೈಲಿಗೆ ಆ ಸಂದೇಶ ಬರುವುದಕ್ಕೂ ಸರಿಹೋಯಿತು. 'ಸಾರ್, ಇವತ್ತು ಮಧ್ಯಾಹ್ನದ ಮೇಲೆ ಬ್ಯಾಡರಹಳ್ಳಿ ಗ್ರೌಂಡಲ್ಲಿ ಗಾಡಿ ಚೆಕಿಂಗ್. ಹಿಂದಿನ ಬಂಪರ್ ಜೋಪಾನ. ಮರಳಲ್ಲಿ ಮೊದಲು ಹೋಗೋದೇ ಅದು.' ಕಳಿಸಿದವನು ನಾಗರಬಾವಿಯ ಗಿರಿರಾಜ್, ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಗಾಡಿಯವರ ಬಳಗದ ಮುಂದಾಳು. ಮಾರನೆಯ ದಿನ ಬೆಳಿಗ್ಗೆ ಆ ಬಳಗ ರಾಜಸ್ಥಾನದ ಮರಳುಗಾಡಿಗೆ ಹೊರಡುವುದಿತ್ತು.

ಹೊಸಹಳ್ಳಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಮಹದೇವನಿಗೂ ಮರಳುಗಾಡಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳಬಹುದು. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಗೋಡೆಗೆ ಭೂಪಟ ನೇತುಹಾಕಿದಾಗ ಅದರ ಎಡಗಡೆ ಮೇಲೊಂದು ಹಳದಿ ಪಟ್ಟೆ ಕಂಡಿತ್ತು. ಅಲ್ಲಿ ಊರಿನ ಹೆಸರುಗಳು ಕಡಿಮೆ, ಖಾಲಿ ಜಾಗ ಜಾಸ್ತಿ. ಅಂಥ ಖಾಲಿ ಜಾಗದಲ್ಲಿ ಗಾಡಿ ಓಡಿಸಬೇಕು ಅಂತ ಆಗಲೇ ಅವನಿಗೆ ಹುಚ್ಚು ಹತ್ತಿತು. ಅಲ್ಲಿಂದೀಚೆಗೆ ಅವನು ಹತ್ತಿರದಿಂದ ನೋಡಿದ ಅತಿ ದೊಡ್ಡ ಮರಳ ರಾಶಿ ಎಂದರೆ ಎದುರುಮನೆಯವರು ಎರಡನೇ ಮಹಡಿ ಕಟ್ಟಿಸುವಾಗ ರಸ್ತೆಗೆ ಸುರಿಸಿಕೊಂಡಿದ್ದು. ಅದರ ಮೇಲೂ ಯಾರೂ ಹತ್ತದ ಹಾಗೆ ಅವರು ಮುಳ್ಳು ಹಾಕಿದ್ದರು.

ಹೋದ ವರ್ಷವೇ ಹೋಗಬೇಕಿತ್ತು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕಡುಹಸಿರು ಗಾಡಿಯನ್ನು ಕೆಂಗೇರಿ ಆಚೆ ಒಂದು ಹಳ್ಳದಲ್ಲಿ ಇಳಿಸಿ ಅಭ್ಯಾಸ ಮಾಡಲು ಹೋಗಿ, ಹಿಂದಿನ ಬಂಪರ್ ಅಲ್ಲೇ ಬಿಟ್ಟು ಬಂದಿದ್ದ. ಬಳಗದವರು ಅವನನ್ನು ಬಿಟ್ಟು ಹೊರಟುಹೋದರು. ಈಗ ಹೊಸ ಬಂಪರ್ ಹಾಕಿಸಿ ತಿಂಗಳು ತುಂಬಿಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತದ್ದೇ ಮೊನ್ನೆ. ಟೀವಿ ರಿಮೋಟಿಗೂ ಕವರು ತೊಡಿಸುವ ಮನೆ ಅದು.

"ಜೋಪಾನ ಅಂದ್ರೆ ಏನು ಮಾಡ್ತೀರಾ?" ಹೆಂಡತಿ ಶಶಿಕಲಾ ಅವನ ಹೆಗಲ ಮೇಲಿಂದ ಸಂದೇಶ ಓದಿ ಕೇಳಿದಳು.

"ಮಾಗಡಿ ರೋಡಲ್ಲಿ ಒಬ್ಬ ವೆಲ್ಡಿಂಗ್‌ನೋನು ಇದಾನೆ. ಬಂಪರ್‌ಗೆ ಕಬ್ಬಿಣದ ಗಾರ್ಡ್ ಹಾಕಿಸ್ಕೊಂಡು ಬರ್ತೀನಿ."

"ಗಾಡಿ ಕಾಯೋಕೆ ಬಂಪರ್ರು. ಬಂಪರ್ ಕಾಯೋಕೆ ಗಾರ್ಡು. ಗಾರ್ಡ್ ಕಾಯೋಕೆ ಯಾರು?"

"ನಾನು."

"ಅದೇ ನನಗೆ ಭಯ," ಎಂದಳು ಶಶಿಕಲಾ. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ನೋಡಿ, ಸಂಜೆ ದೀಪ ಹಚ್ಚೋ ಹೊತ್ತಿಗೆ ನಾನೇ ಬಂದು ನೋಡ್ತೀನಿ. ಬಂಪರ್ ನೆಟ್ಟಗಿದ್ರೆ ನಾಳೆ ಆರತಿ ಎತ್ತಿ ಕಳಿಸ್ತೀನಿ. ಮನೆ ಹತ್ರಾನೇ ಮುರ್ಕೊಂಡ್ರೆ ಅಷ್ಟು ದೂರಕ್ಕೆ ಯಾವ ಧೈರ್ಯದ ಮೇಲೆ ಕಳಿಸ್ಲಿ? ಗಾಡಿ ಕೀ ನನ್ನ ಹತ್ರ ಇರುತ್ತೆ, ಅಷ್ಟೆ."

ಅವಳ ಚಿಂತೆ ಬಂಪರಿನದಲ್ಲ, ಗಂಡನದು ಎಂದು ಮಹದೇವನಿಗೆ ಗೊತ್ತಿತ್ತು. ಆದ್ದರಿಂದಲೇ ಎದುರು ಮಾತಾಡಲಿಲ್ಲ. ಸಂಜೆಯವರೆಗೆ ಒಂದು ಬಂಪರನ್ನು ಕಾಪಾಡಿಕೊಳ್ಳುವುದು ಯಾವ ಮಹಾ ಕೆಲಸ ಎಂದುಕೊಂಡು ಕೀ ತೆಗೆದುಕೊಂಡು ಹೊರಗೆ ಬಂದ.

ಅವನ ಕ್ರಾಸಿನಲ್ಲಿ ಗಾಡಿಯನ್ನು ರಿವರ್ಸ್ ತೆಗೆಯುವುದು ಎಂದರೆ ಒಬ್ಬರ ಕೆಲಸವಲ್ಲ, ಇಡೀ ಬೀದಿಯ ಕೆಲಸ. ರಿವರ್ಸ್ ಗೇರಿನ ಕುಂಯ್ ಕುಂಯ್ ಕೇಳಿದರೆ ಸಾಕು, ಹಲ್ಲುಜ್ಜುತ್ತಿದ್ದವರು ಬ್ರಷ್ ಸಮೇತ ಹೊರಗೆ ಬರುತ್ತಾರೆ. ಇವರಲ್ಲಿ ಮೊದಲಿಗರು ಪಕ್ಕದ ಮನೆಯ ಹನುಮಂತಯ್ಯ. ಬಸ್ ಕಂಡಕ್ಟರಾಗಿ ರಿಟೈರ್ ಆದವರು. ಟಿಕೆಟ್ಟಿನ ಚೀಲವನ್ನು ಡಿಪೋಗೆ ಒಪ್ಪಿಸಿ ಬಂದರೂ ಸೀಟಿಯನ್ನು ಮಾತ್ರ ಕೊರಳಿನಿಂದ ಇಳಿಸಿರಲಿಲ್ಲ. ಎದುರು ಬಾಗಿಲಲ್ಲಿ ಹೂ ಕಟ್ಟುತ್ತ ಕೂರುವ ಚಿಕ್ಕಗಂಗಮ್ಮ ಎದ್ದು ಬರುತ್ತಿರಲಿಲ್ಲ, ಕೂತಲ್ಲಿಂದಲೇ ಕೂಗುತ್ತಿದ್ದರು. ತಮ್ಮ ಮನೆ ಮುಂದೆ ಯಾರೂ ಗಾಡಿ ನಿಲ್ಲಿಸದಿರಲಿ ಎಂದು ಹಳೆಯ ಒರಳುಕಲ್ಲನ್ನು ರಸ್ತೆಗೆ ಉರುಳಿಸಿಟ್ಟಿದ್ದೂ ಅವರೇ. ಮಹದೇವನ ಮಹಡಿಯ ಮೇಲೆ ಬಾಡಿಗೆಗಿದ್ದ ಶಿವಯೋಗಿ ಬಳ್ಳಾರಿ ಕಡೆಯವನು, ಊಟ ತಲುಪಿಸುವ ಕೆಲಸ. ಅವತ್ತು ಅವನಿಗೆ ರಜೆ. ಹಾಗಾಗಿ ಅವನೂ ಇಳಿದು ಬಂದ.

"ಬರ್ಲಿ, ಬರ್ಲಿ, ಬರ್ಲಿ..." ಹನುಮಂತಯ್ಯ ಗಾಡಿಯ ಪಕ್ಕೆಗೆ ಟಪಟಪ ಬಡಿದರು. "ರೈಟ್... ಫುಲ್ ರೈಟ್ ಕಟ್ ಮಾಡು ಮಾದೇವ!"

"ಲೆಫ್ಟಿಗೆ ತಗೋರಿ ಅಣ್ಣಾರ! ಲೆಫ್ಟಿಗೆ!" ಶಿವಯೋಗಿ ಇನ್ನೊಂದು ಪಕ್ಕೆಗೆ ಬಡಿದ.

"ಮಾದೇವಪ್ಪಾ, ನನ್ ಕಲ್ಲು ಕಣಪ್ಪೋ!" ಚಿಕ್ಕಗಂಗಮ್ಮ ಹೂವಿನ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಕೂಗಿದರು.

ರೈಟು, ಲೆಫ್ಟು, ಕಲ್ಲು. ಮೂರನ್ನೂ ಪಾಲಿಸುವ ಸ್ಟೇರಿಂಗ್ ಇನ್ನೂ ಯಾವ ಕಂಪನಿಯೂ ತಯಾರಿಸಿಲ್ಲ. ಮಹದೇವ ಸ್ವಲ್ಪ ರೈಟು, ಸ್ವಲ್ಪ ಲೆಫ್ಟು ಮಾಡಿ ಎಲ್ಲರಿಗೂ ಮರ್ಯಾದೆ ಕೊಟ್ಟ. ಹಿಂದೆ 'ಟಕ್' ಎಂದಿತು. ಆಮೇಲೆ ಹನುಮಂತಯ್ಯ ಸೀಟಿ ಊದಿದರು.

ಇಳಿದು ನೋಡಿದರೆ, ಬಂಪರಿನ ಎಡಮೂಲೆಯಲ್ಲಿ ಬೆರಳುದ್ದದ ಒಂದು ಬಿಳೀ ಗೀರು. ಮಹದೇವನಿಗೆ ಅದು ತನ್ನ ಕೆನ್ನೆಯ ಮೇಲೇ ಬಿದ್ದಂತೆ ಉರಿಯಿತು.

"ಆಮೇಲೆ ಸೀಟಿ ಊದಿ ಏನು ಪ್ರಯೋಜನ ಹನುಮಂತಯ್ಯನೋರೇ?"

"ನಾನು ಮೊದಲೇ ಊದ್ತಿದ್ದೆ. ಈ ಹುಡುಗ ಲೆಫ್ಟು ಲೆಫ್ಟು ಅಂತ ಬಾಯಿ ಹಾಕ್ದ. ಒಂದು ಗಾಡಿಗೆ ಇಬ್ಬರು ಕಂಡಕ್ಟರ್ ಇರಬಾರ್ದು ಕಣಯ್ಯ."

"ನಾ ಲೆಫ್ಟ್ ಅಂದಿದ್ದಕ್ಕ ಅಷ್ಟರಾಗ ಉಳೀತ್ರೀ," ಎಂದ ಶಿವಯೋಗಿ.

"ಕಲ್ಲಿಗೇನೂ ಆಗಿಲ್ಲ, ಬಿಡಪ್ಪ," ಚಿಕ್ಕಗಂಗಮ್ಮ ಸಮಾಧಾನ ಹೇಳಿದರು.

ಒಳಗೆ ಶಶಿಕಲಾ ಕುಕ್ಕರ್ ಕೂಗಿಸುತ್ತಿದ್ದಳು. ಸದ್ಯ, ಅವಳಿಗೆ ಏನೂ ಕೇಳಿಸಿರಲಿಲ್ಲ. ಮಹದೇವ ದನಿ ತಗ್ಗಿಸಿ, ಸಂಜೆಯ ಷರತ್ತನ್ನು ಮೂವರಿಗೂ ಹೇಳಿದ. ಅಲ್ಲಿಯವರೆಗೆ ಅದು ಬರೀ ಗೀರಾಗಿತ್ತು, ಅವನ ಮುಖ ನೋಡಿದ ಮೇಲೆ ಬೀದಿಯ ಮರ್ಯಾದೆಯ ಪ್ರಶ್ನೆಯಾಯಿತು.

"ವೆಲ್ಡಿಂಗು ಗಿಲ್ಡಿಂಗು ಬೇಡ," ಹನುಮಂತಯ್ಯ ತೀರ್ಪು ಕೊಟ್ಟರು. "ಬಂಪರ್ ಪ್ಲಾಸ್ಟಿಕ್ಕು. ಕಿಡಿ ಬಿದ್ರೆ ಬೆಣ್ಣೆ ಕರಗ್ದಂಗೆ ಕರಗುತ್ತೆ. ಈಗ ಆಗಬೇಕಾಗಿರೋದು ಎರಡು ಕೆಲಸ. ಗೀರು ಕಾಣಬಾರ್ದು, ಇನ್ನೊಂದು ಗೀರು ಬೀಳಬಾರ್ದು."

"ನಮ್ಮವ್ವ ಹೊಲಿದ ಕೌದಿ ಐತ್ರಿ," ಎಂದವನೇ ಶಿವಯೋಗಿ ಮಹಡಿಗೆ ಓಡಿದ. ತಂದ ಕೌದಿ ಏನು ಸಾಮಾನ್ಯದ್ದೇ! ಹತ್ತಾರು ಹಳೇ ಸೀರೆಗಳ ತುಂಡು ಕೂಡಿಸಿ ಅವನ ತಾಯಿ ಮುತ್ತವ್ವ ಹೊಲಿದ, ಎತ್ತಿದರೆ ತೋಳು ನೋಯುವಂಥ ಕೌದಿ. ಬಂಪರಿಗೂ ಕೌದಿಗೂ ನಡುವೆ ಮೆತ್ತಗಿರಲಿ ಎಂದು ಚಿಕ್ಕಗಂಗಮ್ಮ ಹಣ್ಣಿನ ಬುಟ್ಟಿಯ ಒಣಹುಲ್ಲು ತಂದು ತುರುಕಿದರು. ಹನುಮಂತಯ್ಯ ಹಗ್ಗ ಬಿಗಿದರು. ಕೊನೆಗೆ ದೃಷ್ಟಿಯಾಗದಿರಲಿ ಎಂದು ಚಿಕ್ಕಗಂಗಮ್ಮ ನಿಂಬೆಹಣ್ಣು, ಮೆಣಸಿನಕಾಯಿ, ತಮ್ಮದೇ ಒಂದು ಹಳೇ ಚಪ್ಪಲಿ ಕಟ್ಟಿದರು.

ಅಷ್ಟರಲ್ಲಿ ಶಶಿಕಲಾ ಬಾಗಿಲಿಗೆ ಬಂದಳು. "ಏನ್ರೀ ಇದು, ಗಾಡಿಗೆ ಬಾಣಂತನ ಮಾಡ್ತಿದೀರಾ?"

"ದೂಳು ಬೀಳಬಾರ್ದು ಅಂತ," ಎಂದ ಮಹದೇವ.

"ರಾತ್ರಿಯೆಲ್ಲ ಬೀದೀಲಿ ನಿಂತಿದ್ದಾಗ ಬೀಳದ ದೂಳು?"

ನಾಲ್ವರೂ ಒಟ್ಟಿಗೆ ಆಕಾಶ ನೋಡಿದರು. ಶಶಿಕಲಾ ಒಬ್ಬೊಬ್ಬರ ಮುಖವನ್ನೂ ಓದಿ ನೋಡಿ, "ಸಂಜೆ ಬಿಚ್ಚಿ ತೋರಿಸಿ," ಎಂದು ಒಳಗೆ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಗಾಡಿ ಬ್ಯಾಡರಹಳ್ಳಿಗೆ ಹೊರಟಿತು. ಮಹದೇವನೊಬ್ಬನೇ ಹೋಗುವ ಅಂದಾಜಿತ್ತು. ಆದರೆ ನಂಬರ್ ಪ್ಲೇಟ್ ಇದ್ದದ್ದೇ ಬಂಪರಿನ ಮೇಲೆ, ಬಂಪರ್ ಇದ್ದದ್ದು ಕೌದಿಯೊಳಗೆ. "ಪೊಲೀಸ್ನೋರು ಕೇಳಿದ್ರೆ ಎತ್ತಿ ತೋರಿಸೋಕೆ ಒಬ್ಬರು ಬೇಡ್ವಾ?" ಎಂದು ಹನುಮಂತಯ್ಯ ಹಿಂದಿನ ಸೀಟಿಗೆ ಹತ್ತಿಯೇಬಿಟ್ಟರು. ಕೌದಿಯ ಜವಾಬ್ದಾರಿ ತನ್ನದೆಂದು ಶಿವಯೋಗಿಯೂ ಹತ್ತಿದ.

ಮಾಗಡಿ ರೋಡಿನ ಮೊದಲ ಸಿಗ್ನಲ್ಲಿನಲ್ಲೇ ಪೊಲೀಸಪ್ಪ ಕೈ ತೋರಿಸಿದ. "ಏನ್ ಸಾರ್, ನಂಬರ್ ಎಲ್ಲಿ?"

ಹನುಮಂತಯ್ಯ ಇಳಿದು ನಾಟಕದ ಪರದೆ ಎತ್ತುವಂತೆ ಕೌದಿ ಎತ್ತಿದರು. ಪೊಲೀಸಪ್ಪ ನಂಬರ್ ನೋಡಿದ, ಗೀರು ನೋಡಿದ, ಚಪ್ಪಲಿ ನೋಡಿದ. "ಏನಾಗಿದೆ ಇದಕ್ಕೆ?"

"ಮರಳುಗಾಡಿಗೆ ಹೊರಟಿದೆ," ಎಂದರು ಹನುಮಂತಯ್ಯ. ಅವನಿಗೆ ಏನನ್ನಿಸಿತೋ, ಮೆತ್ತಗೆ "ಪರದೆ ಮೇಲಕ್ಕೆ ಕಟ್ಕೊಂಡು ಹೋಗಿ" ಎಂದು ಬಿಟ್ಟುಬಿಟ್ಟ.

ಕೌದಿಯನ್ನು ಮೇಲಕ್ಕೆ ಕಟ್ಟಿದ್ದೇ ಇನ್ನೊಂದು ತಾಪತ್ರಯಕ್ಕೆ ದಾರಿಯಾಯಿತು. ಮುಂದಿನ ಸಿಗ್ನಲ್ಲಿನಲ್ಲಿ ಗಾಡಿ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗತೊಡಗಿತು. ಮಹದೇವ ಕನ್ನಡಿಯಲ್ಲಿ ನೋಡಿದರೆ ಎರಡು ಕೊಂಬು. ಒಂದು ಹಸು ಹೊರಗೆ ಬಂದಿದ್ದ ಒಣಹುಲ್ಲನ್ನು ನೆಮ್ಮದಿಯಾಗಿ ಎಳೆದು ತಿನ್ನುತ್ತಿತ್ತು. ಹಸಿರು ದೀಪ ಬಂತು. ಹಿಂದಿನ ಆಟೋದವನು ಹಾರ್ನ್ ಹೊಡೆದ, "ಗುರು, ನಿಮ್ ಹಸು ಕಟ್ಟಾಕ್ಕೊಳಿ ಗುರು!" ಎಂದ. ಶಿವಯೋಗಿ ಇಳಿದು ಹಸುವಿನೊಂದಿಗೆ ಹಗ್ಗಜಗ್ಗಾಟ ಆಡಿ ಕೌದಿ ಉಳಿಸಿಕೊಂಡ. ಹುಲ್ಲೂ ನಿಂಬೆಹಣ್ಣೂ ಹಸುವಿನ ಪಾಲಾದವು. ಅದು ಚಪ್ಪಲಿಯನ್ನೂ ಮೂಸಿ ನೋಡಿ, ಯಾಕೋ ಬೇಡವೆಂದು ಬಿಟ್ಟಿತು.

ಬ್ಯಾಡರಹಳ್ಳಿಯಾಚೆಯ ಖಾಲಿ ಲೇಔಟಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಲಾರಿಗಟ್ಟಲೆ ಮರಳು ಸುರಿದು ಮೂರು ದಿಬ್ಬ ಮಾಡಿದ್ದರು. ಮಹದೇವನ ಗಾಡಿ ಒಳಗೆ ಬಂದದ್ದೇ ಎಲ್ಲರೂ ಮಾತು ನಿಲ್ಲಿಸಿ ಅದರ ಹಿಂಭಾಗ ನೋಡಿದರು. ಮಹದೇವ ಅವರ ಗಾಡಿಗಳ ಹಿಂಭಾಗ ನೋಡಿದ. ಒಂದು ಗಾಡಿಗೂ ಹಿಂದಿನ ಬಂಪರ್ ಇರಲಿಲ್ಲ!

"ಅಯ್ಯೋ, ಎಲ್ಲರದೂ ಮುರಿದುಹೋಯ್ತಾ?" ಎಂದು ಮರುಗಿದ.

ಗಿರಿರಾಜ್ ನಗು ತಡೆದುಕೊಳ್ಳಲು ಕೆಮ್ಮಬೇಕಾಯಿತು. "ಬಿಚ್ಚಿ ಮನೇಲಿಟ್ಟು ಬಂದಿದೀವಿ ಸಾರ್. ದಿಬ್ಬ ಇಳಿದು ಗಾಡಿ ಮೂತಿ ಮೇಲಕ್ಕೆತ್ತಿದಾಗ ಬಾಲ ಮರಳಿಗೆ ತಗಲುತ್ತೆ. ಬಂಪರ್ ಮೊರದ ಥರ ಮರಳು ಮೊಗ್ಕೊಳುತ್ತೆ, ಆ ಭಾರಕ್ಕೆ ಕಿತ್ಕೊಂಡು ಬರುತ್ತೆ. ಕಬ್ಬಿಣ ಹಾಕಿದ್ರೆ ಇನ್ನೂ ಭಾರ. ಅದನ್ನ ಕಾಪಾಡೋಕೆ ಇರೋದು ಒಂದೇ ದಾರಿ, ಮನೇಲಿ ಬಿಟ್ಟು ಹೋಗೋದು."

ಮಹದೇವ ಹನುಮಂತಯ್ಯನವರನ್ನು ನೋಡಿದ. ಹನುಮಂತಯ್ಯ ಕೌದಿಯನ್ನು ನೋಡಿದರು. ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಒಂದು ಸ್ಪ್ಯಾನರಿನ ಕೆಲಸವಾಗಿತ್ತು.

ಮಹದೇವನೂ ಶಿವಯೋಗಿಯೂ ಗಾಡಿಯಡಿ ಮಲಗಿ ಬೋಲ್ಟ್ ಬಿಚ್ಚತೊಡಗಿದರು. ಅತ್ತ ದಿಬ್ಬದ ಬುಡದಲ್ಲಿ ಬಳಗದವರ ಒಂದು ಗಾಡಿ ಹೂತುಕೊಂಡಿತ್ತು. ಮುಂದೆ ಬಂದರೂ ಆಗದು, ಹಿಂದೆ ಹೋದರೂ ಆಗದು. ನೋಡುತ್ತ ನಿಂತು ಹನುಮಂತಯ್ಯನವರ ಕೈ ತುರಿಸತೊಡಗಿತು. ಮೆಲ್ಲಗೆ ಹೋದರು. ಸೀಟಿ ಊದಿದರು. "ಬರ್ಲಿ ಬರ್ಲಿ... ಸ್ವಲ್ಪ ರೈಟು... ಹೋಲ್ಡ್! ಈಗ ಬರ್ಲಿ!" ಎಂಥ ಇಕ್ಕಟ್ಟಿನ ಬಸ್‌ಸ್ಟ್ಯಾಂಡಿನಲ್ಲೂ ಬಸ್ಸು ಹಿಂದಕ್ಕೆ ತೆಗೆಸಿದ ಕೈ ಅದು. ಜೊತೆಗೆ ಲೆಫ್ಟು ಎನ್ನಲು ಶಿವಯೋಗಿ ಅಲ್ಲಿರಲಿಲ್ಲ, ಕಲ್ಲು ಎನ್ನಲು ಚಿಕ್ಕಗಂಗಮ್ಮ ಇರಲಿಲ್ಲ. ಗಾಡಿ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಿರಿರಾಜ್ ಹನುಮಂತಯ್ಯನವರ ಹೆಗಲ ಮೇಲೆ ಕೈ ಹಾಕಿ ಅತ್ತ ಕರೆದುಕೊಂಡು ಹೋಗಿ ಏನೋ ಮಾತಾಡಿದ, ಫೋನ್ ನಂಬರ್ ಬರೆದುಕೊಂಡ. ಗಾಡಿಯಡಿಯಿಂದ ಮಹದೇವನಿಗೆ ಕಂಡದ್ದು ಅವರಿಬ್ಬರ ಕಾಲು ಮಾತ್ರ.

ಆಮೇಲೆ ಮಹದೇವನ ಸರದಿ. ನಂಬರ್ ಪ್ಲೇಟನ್ನು ಹಿಂಬಾಗಿಲಿಗೆ ಕಟ್ಟಿ, ಬಂಪರಿಲ್ಲದ ಗಾಡಿ ಹತ್ತಿದ. ಮೊದಲ ದಿಬ್ಬದ ನೆತ್ತಿಯಲ್ಲಿ ಮುಂದಿನ ಗಾಜಿನ ತುಂಬ ಬರೀ ಆಕಾಶ. ಮರುಕ್ಷಣ ಗಾಡಿ ತಲೆಬಾಗಿ ಮರಳಿನ ಮೇಲೆ ಜಾರಿತು, ಬುಡ ಮುಟ್ಟಿ ಮೂತಿ ಎತ್ತಿತು, ಮತ್ತೆ ಹತ್ತಿತು. ಎಲ್ಲೂ ತಗಲಲಿಲ್ಲ, ಎಲ್ಲೂ ಹೂತುಕೊಳ್ಳಲಿಲ್ಲ. ಮೂರನೇ ದಿಬ್ಬ ಇಳಿದು ನಿಂತಾಗ ಮಹದೇವನ ಕಣ್ಣು ಮಂಜಾಗಿತ್ತು. ಊರವರ ಕಣ್ಣಿಗೆಲ್ಲ ಕನ್ನಡಕ ಕೊಟ್ಟವನು ತನ್ನ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡ. ಗೋಡೆಯ ಮೇಲಿನ ಹಳದಿ ಪಟ್ಟೆ ಇನ್ನು ದೂರವಿಲ್ಲ ಎನಿಸಿತು.

"ಪಾಸ್ ಸಾರ್!" ಎಂದ ಗಿರಿರಾಜ್. ಅಷ್ಟೇ ಅಲ್ಲ, ಬಿಚ್ಚಿದ ಬಂಪರಿಗೆ ಏನೋ ಪಾಲಿಶ್ ಹಚ್ಚಿ ಉಜ್ಜಿಕೊಟ್ಟ. ಬೆಳಗಿನ ಗೀರು ಇತ್ತೆಂದು ಹೇಳಿದರೂ ನಂಬುವಂತಿರಲಿಲ್ಲ. ಶಶಿಕಲಾಗೆ ತೋರಿಸಲು ಬಂಪರು ಹೊಸ ಮದುಮಗನಂತೆ ಹೊಳೆಯುತ್ತಿತ್ತು. ಅದನ್ನು ಕೌದಿಯಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲೆ ಅಡ್ಡ ಮಲಗಿಸಿ, ಹನುಮಂತಯ್ಯ ಒಂದು ತುದಿಯನ್ನು, ಶಿವಯೋಗಿ ಇನ್ನೊಂದು ತುದಿಯನ್ನು ತೊಡೆಯ ಮೇಲಿಟ್ಟುಕೊಂಡು ಊರ ಕಡೆ ಬಂದರು.

ಕ್ರಾಸಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಾರನೆಯ ಬೆಳಿಗ್ಗೆ ಶುಭಕ್ಕೆ ಹೊರಡುವ ಗಾಡಿ ಹಿಂದುಹಿಂದಕ್ಕೆ ಹೋಗಬಾರದು, ಮುಖ ಮುಂದಾಗಿ ಹೋಗಬೇಕು. ಹಾಗಾಗಿ ರಾತ್ರಿಯೇ ರಿವರ್ಸಿನಲ್ಲಿ ಮನೆ ಮುಂದೆ ನಿಲ್ಲಿಸುವುದೆಂದಾಯಿತು.

"ತಡಿ ಮಾದೇವ, ರಿವರ್ಸ್ ತಗೋವಾಗ ಕುಲುಕಿ ಏನಾದ್ರೂ ಆದ್ರೆ ಕಷ್ಟ. ಮೊದಲು ಬಂಪರ್ ಇಳಿಸ್ಕೊಂಡು ಭದ್ರವಾಗಿ ಇಡ್ತೀನಿ," ಎಂದರು ಹನುಮಂತಯ್ಯ. ಮಹದೇವನಿಗೆ ಇದು ಸರಿ ಎನಿಸಿತು. ಅವರು ಬಂಪರನ್ನು ಕೂಸಿನಂತೆ ಎತ್ತಿಕೊಂಡು ಹಿಂದೆ ಹೋದರು. ಶಿವಯೋಗಿ ಶಶಿಕಲಾಳನ್ನು ಕರೆಯಲು ಒಳಗೆ ಓಡಿದ.

ಮಹದೇವ ಕಿಟಕಿಯಿಂದ ತಲೆ ಹೊರಹಾಕಿ, ಹೊರಗೆ ಬಂದಿದ್ದ ಬೀದಿಗೆಲ್ಲ ಕೈ ಮುಗಿದ. "ಎಲ್ಲರಿಗೂ ಒಂದು ನಮಸ್ಕಾರ. ಬೆಳಿಗ್ಗೆ ಆಗಿದ್ದು ಸಾಕು. ಈಗ ಹನುಮಂತಯ್ಯನೋರು ಒಬ್ಬರೇ ಹೇಳ್ಲಿ. ಬೇರೆ ಯಾರೂ ಬಾಯಿ ಬಿಡಬೇಡಿ!"

"ಬರ್ಲಿ, ಬರ್ಲಿ," ಸೀಟಿ ಮೊಳಗಿತು.

"ಮಾದೇವಪ್ಪಾ..." ಎಂದರು ಚಿಕ್ಕಗಂಗಮ್ಮ.

"ಗಂಗಮ್ಮ, ಸುಮ್ನಿರಿ!" ಹನುಮಂತಯ್ಯ ಗದರಿದರು. "ಬರ್ಲಿ, ಬರ್ಲಿ. ಗೋಡೆಗೆ ಇನ್ನೂ ಬೇಕಾದಷ್ಟು ಜಾಗ ಇದೆ."

"ಅಲ್ಲ ಕಣಪ್ಪ, ಹಿಂದೆ..."

"ಅಮ್ಮ, ದಯವಿಟ್ಟು!" ಎಂದ ಮಹದೇವ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಇಡೀ ಬೀದಿ ಬಾಯಿ ಮುಚ್ಚಿಕೊಂಡಿತು. ಚಿಕ್ಕಗಂಗಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದು ಕಣ್ಣು ಮುಚ್ಚಿಕೊಂಡರು.

ಆ ನಿಶ್ಶಬ್ದದಲ್ಲಿ, ಹಪ್ಪಳದ ಕಟ್ಟಿನ ಮೇಲೆ ಯಾರೋ ಕೂತಂಥ ಸದ್ದು ಬಂತು.

ಹನುಮಂತಯ್ಯ ಗೋಡೆ ಎಷ್ಟು ದೂರವಿದೆ ಎಂದು ನೋಡಿದ್ದರು, ಗಾಡಿಯ ಮೂಲೆ ನೋಡಿದ್ದರು, ಒರಳುಕಲ್ಲನ್ನೂ ನೋಡಿದ್ದರು. ಭದ್ರವಾಗಿರಲಿ ಎಂದು ತಾವೇ ಗೋಡೆಯ ಬುಡದಲ್ಲಿ ಮಲಗಿಸಿ ಬಂದಿದ್ದ ಬಂಪರೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ್ದರು. ಅದು ಹಿಂದಿನ ಚಕ್ರದಡಿ, ಮುತ್ತವ್ವನ ಕೌದಿಯೊಳಗೆ, ಮೂರು ತುಂಡಾಗಿತ್ತು. ಕೌದಿಗೆ ಮಾತ್ರ ಏನೂ ಆಗಿರಲಿಲ್ಲ.

"ನಾನು ಹೇಳಕ್ಕೆ ಬಂದೆ, ನೀವು ಬಿಡ್ಲಿಲ್ಲ," ಎಂದರು ಚಿಕ್ಕಗಂಗಮ್ಮ.

ಬಾಗಿಲಲ್ಲಿ ಶಶಿಕಲಾ ನಿಂತಿದ್ದಳು. ಮಹದೇವ ಇಳಿದು ಗಾಡಿಯ ಕೀ ತೆಗೆದು ಅವಳ ಮುಂದೆ ಹಿಡಿದ. ಮಾತಿಗೆ ತಪ್ಪುವ ಗಂಡಸಲ್ಲ ಅವನು. ಆದರೆ ಅಷ್ಟು ಸಪ್ಪಗಾದ ಅವನ ಮುಖವನ್ನು ಶಶಿಕಲಾ ಮದುವೆಯಾದಂದಿನಿಂದ ನೋಡಿರಲಿಲ್ಲ.

ಅವಳು ಬಂಪರಿನ ಚೂರು ನೋಡಿದಳು. ದಿಬ್ಬ ಏರಿಳಿದು ಮರಳು ಮೆತ್ತಿಕೊಂಡು, ಒಂದು ತರಚೂ ಇಲ್ಲದೆ ನಿಂತಿದ್ದ ಗಾಡಿ ನೋಡಿದಳು. ಶಿವಯೋಗಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ.

"ಮರಳಲ್ಲಿ ಎಲ್ಲಾದ್ರೂ ತಗಲಿಸಿದ್ರಾ?"

"ಇಲ್ಲ. ಎಲ್ಲೂ ಇಲ್ಲ ಕಣೇ."

ಶಶಿಕಲಾ ಕೀಯನ್ನು ಅವನ ಅಂಗಿಯ ಜೇಬಿಗೆ ಹಾಕಿದಳು. "ಹಂಗಾದ್ರೆ ಹೋಗಿ ಬನ್ನಿ. ಮುರಿಯೋದೆಲ್ಲ ಇಲ್ಲೇ ಮುರೀತಿದೆ, ಅಲ್ಲಲ್ಲ. ಅಲ್ಲಿ ಒರಳುಕಲ್ಲಿಲ್ಲ, ಬೀದಿ ಜನ ಇಲ್ಲ, ಸೀಟಿ ಊದೋರಿಲ್ಲ. ನಿಮಗೆ ಅದಕ್ಕಿಂತ ಕ್ಷೇಮವಾದ ಜಾಗ ಇನ್ಯಾವುದಿದೆ?"

ಮಹದೇವ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಬೀದಿಯವರು ತಾವೇ ಮರಳುಗಾಡಿಗೆ ಹೊರಟವರಂತೆ ಸಂಭ್ರಮಿಸಿದರು. ಚಿಕ್ಕಗಂಗಮ್ಮ ಬಂಪರಿನ ದೊಡ್ಡ ತುಂಡನ್ನು ಎಳೆದುಕೊಂಡು ಬಂದು, ಗಾಡಿ ನಿಲ್ಲುವ ಜಾಗದ ಪಕ್ಕದಲ್ಲಿ ಗೋಡೆಗೊರಗಿಸಿಟ್ಟರು. "ನೀನು ಹೋದ್ ಮೇಲೆ ಇದನ್ನ ಇಲ್ಲಿ ಅಡ್ಡ ಇಡ್ತೀನಿ ಕಣಪ್ಪ. ನೀನು ಬರೋವರ್ಗೂ ನಿನ್ ಜಾಗಕ್ಕೆ ಯಾರೂ ಗಾಡಿ ತರಂಗಿಲ್ಲ," ಎಂದರು. ಅಂತೂ ಬಂಪರಿಗೂ ಒಂದು ಕೆಲಸ ಸಿಕ್ಕಿತು.

ಈ ಗದ್ದಲದಲ್ಲಿ ಹನುಮಂತಯ್ಯ ಕಾಣುತ್ತಿರಲಿಲ್ಲ. ಪಾಪ, ನಾಚಿಕೆಯಿಂದ ಮನೆ ಸೇರಿಕೊಂಡಿರಬೇಕು ಎಂದು ಮಹದೇವ ಮರುಗಿದ. ಸಮಾಧಾನ ಹೇಳಿ ಬರೋಣ ಎಂದು ತಿರುಗಿದರೆ ಅವರೇ ಎದುರಿಗೆ ಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಂಬಳಿ, ತಲೆಗೆ ಮಂಕಿ ಕ್ಯಾಪು.

"ಬೆಳಿಗ್ಗೆ ಎಷ್ಟೊತ್ತಿಗೆ ಮಾದೇವ?"

"ಏನು ಎಷ್ಟೊತ್ತಿಗೆ?"

"ಹೊರಡೋದು! ಗಿರಿರಾಜ್ ನಿನಗೆ ಹೇಳ್ಲಿಲ್ವಾ? ದಿಬ್ಬದಲ್ಲಿ ಇಳಿದು ನಿಂತು ಗಾಡಿಗೆ ದಾರಿ ಹೇಳೋಕೆ ಒಬ್ಬರು ಬೇಕೇ ಬೇಕಂತೆ. ನನ್ನಂಥೋನು ಸಿಗೋದು ಪುಣ್ಯ ಅಂದ. ನಿನ್ ಗಾಡೀಲಿ ಸೀಟ್ ಖಾಲಿ ಇದೆ ಅಂತ ನಾನೇ ಹೇಳ್ದೆ. ಹೋಗ್ತಾ ಬರ್ತಾ ಪೂರ್ತಿ ನಿನ್ ಜೊತೇನೇ."

ಮಹದೇವ ಗಕ್ಕನೆ ಹೆಂಡತಿಯ ಕಡೆ ನೋಡಿದ. ಶಶಿಕಲಾ ಬಿದ್ದು ಬಿದ್ದು ನಕ್ಕಳು. "ಹೋಗ್ಲಿ ಕರ್ಕೊಂಡು ಹೋಗ್ರೀ. ಮುರಿಯೋಕೆ ಇನ್ನೇನು ಉಳಿದಿದೆ?"

"ಯಾಕಮ್ಮ," ಹನುಮಂತಯ್ಯ ಗಾಡಿಯ ಮೂತಿಗೆ ಟಪಟಪ ಬಡಿದು ಧೈರ್ಯ ಹೇಳಿದರು. "ಮುಂದಿನ ಬಂಪರ್ ಇದೆಯಲ್ಲ!"

ಮಹದೇವ ಮಹಡಿಯ ಕಡೆ ತಲೆಯೆತ್ತಿ ಕೂಗಿದ.

"ಶಿವಯೋಗೀ, ಇನ್ನೊಂದು ಕೌದಿ ಇದ್ಯೇನಪ್ಪಾ?"